ಬೆಕ್ಕಿನ ಕಡೆಯವರು

ಮದುವೆಯ ದಿನ ಹೊಸ್ತಿಲಲ್ಲಿ ಗಂಡನ ಹೆಸರು ಹೇಳೆಂದರೆ ಸಾತವ್ವ ತುಟಿ ಬಿಚ್ಚಿರಲಿಲ್ಲ. ಹಸಿದ ಬೀಗರು ಗೊಣಗತೊಡಗಿದಾಗ ಮದುಮಗ ಮಾಯಪ್ಪ ಅವಳ ಕಿವಿಯಲ್ಲಿ, "ಗೋಕಾಕಕ್ಕ ಕರ್ಕೊಂಡ ಹೋಗಿ ಸಿನೆಮಾ ತೋರಸ್ತೇನಿ, ಸುರುವಿನಿಂದ ಕಡೀತನಕ. ಹೇಳಿಬಿಡ" ಎಂದಿದ್ದ. ಹೇಳಿದಳು. ಆಮೇಲೆ ಎರಡು ಮಕ್ಕಳಾದವು, ಸಿನೆಮಾ ಆಗಲಿಲ್ಲ.

ಕಡೆಗೂ ಗೋಕಾಕಿಗೆ ತಂಬು ಸಿನೆಮಾ ಬಂತು. ಗಂಡಹೆಂಡತಿ ಕುಲಗೋಡದಲ್ಲಿ ಬಸ್ಸು ಹತ್ತಿದರೆ, ಬಾಜೂ ಮನೆಯ ಹೊಳೆಪ್ಪ ಕಾಕಾ ಆಗಲೇ ಸೀಟು ಹಿಡಿದು ಕೂತಿದ್ದ. "ಒಬ್ಬಾಂವನ ಹೋಗಿ ದಾರಿ ತಪ್ಪೀಯಲೇ ಮಾಯ್ಯಾ, ನಾ ಅದೇನಿ."

ತಂಬುವಿನಲ್ಲಿ ಗಂಡಸರು ಈ ಕಡೆ, ಹೆಂಗಸರು ಆ ಕಡೆ, ನಡುವೆ ಪರದೆ. ದೀಪ ಆರಿತು. ಅಸಲಿ ಸಿನೆಮಾಕ್ಕೆ ಮೊದಲು ಬಿಡಿಸಿದ ಗೊಂಬೆಗಳು ಓಡಾಡುವ ಒಂದು ಚಿಕ್ಕ ಚಿತ್ರ ಹಚ್ಚಿದರು. ಬೆಕ್ಕು ಇಲಿಯನ್ನು ಬೆನ್ನಟ್ಟಿತು. ಒಮ್ಮೆ ಬಾಯಲ್ಲಿ ಕಚ್ಚಿಯೂ ಕಚ್ಚಿತು. ಇಲಿ ನಾಲಿಗೆಗೆ ಕಚಗುಳಿಯಿಟ್ಟು ಜಾರಿತು. ಬೆಕ್ಕು ಗೋಡೆಗೆ ಬಡಿದು ರೊಟ್ಟಿಯಂತೆ ಚಪ್ಪಟೆಯಾಯಿತು. ಇಲಿ ಬಿಲದ ಬಾಯಲ್ಲಿ ನಿಂತು ನಕ್ಕಿತು.

ಜನರಲ್ಲಿ ಒಬ್ಬರೂ ನಗಲಿಲ್ಲ. ಆ ವರ್ಷ ಸುತ್ತಲಿನ ಊರುಗಳ ಜೋಳವೆಲ್ಲ ಇಲಿಗಳ ಪಾಲಾಗಿತ್ತು.

"ಇನ್ನೊಮ್ಮಿ ಹಚ್ಚೋ!" ಹೊಳೆಪ್ಪ ಎದ್ದು ನಿಂತ. "ನಮ್ಮ ಜ್ವಾಳಾ ತಿಂದು ನಮ್ಮ ಮುಂದ ನಗತೈತಿ!"

"ಹಚ್ಚ್ರೀ! ಬೆಕ್ಕಿಗಿ ಈಗ ಗ್ವಾಡಿ ಎಲ್ಲೈತಿ ಗೊತ್ತಾಗೇತಿ, ಈ ಸಲಾ ಬಿಡೂದಿಲ್ಲ!" ಪರದೆಯಾಚೆಯಿಂದ ಹೆಂಗಸೊಬ್ಬಳ ಕಂಚಿನ ಕಂಠ ಮೊಳಗಿತು.

ಮತ್ತೆ ಹಚ್ಚಿದರು. ಬೆಕ್ಕು ಅದೇ ಗೋಡೆಗೆ ಬಡಿಯಿತು.

"ಇನ್ನೊಮ್ಮಿ!" ಎಂದಿತು ಕಂಚಿನ ಕಂಠ.

ಕಡೆಯ ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಮಾಯಪ್ಪ ತಡೆಯದೆ, "ಕಾಕಾ, ಎಷ್ಟ ಸಲಾ ಹಚ್ಚಿದ್ರೂ ಅದ ಆಗೂದ್ರಿ. ಅಸಲಿ ಸಿನೆಮಾ ಸುರು ಆಗ್ಲಿ" ಎಂದ.

"ಲೇ, ನೀ ಇಲಿ ಕಡ್ಯಾಂವೇನ?"

ನಾಲ್ಕೂ ಕಡೆಯಿಂದ ಶೇಂಗಾದ ಸಿಪ್ಪೆ ಬಂದು ಬಿತ್ತು. "ಅಂವನ್ನ ಹೊರಗ ಹಾಕ್ರಿ!" ಎಂದಿತು ಪರದೆಯಾಚೆಯ ಕಂಠ. ಪಾಪ, ಈಕೆಯ ಗಂಡ ಯಾರೋ ಏನೋ ಎಂದು ಮಾಯಪ್ಪ ಮರುಗಿದ.

ಬಗ್ಗಿಕೊಂಡೇ ಸಿನೆಮಾ ಬಿಡುವ ಮಷಿನ್ ಹತ್ತಿರ ಹೋದ. ಮಷಿನ್ ನಡೆಸುವ ರಾಜಪ್ಪ ಬೆವೆತು ತೊಪ್ಪೆಯಾಗಿದ್ದ. "ಇಲಿ ಬೆಕ್ಕಿನ ಬಾಯಾಗ ಸಿಗತೈತಲ್ರಿ, ಅಲ್ಲೇ ಮಷಿನ್ ನಿಂದರಸ್ರಿ. ಬೆಕ್ಕು ಗೆದ್ದಂಗ ಕಾಣತೈತಿ, ಮಂದಿ ಸುಮ್ಮನಾಕ್ಕಾರ" ಎಂದ ಮಾಯಪ್ಪ.

"ಹಂಗ ನಿಂದರಸೂ ಪದ್ಧತಿ ಇಲ್ರಿ."

"ಮತ್ತ ಮುಂಜಾನಿತನಕ ಇದನ್ನ ಹಚ್ಚತೀರೇನು?"

ಇಲಿ ಬೆಕ್ಕಿನ ಬಾಯಿಗೆ ಸಿಕ್ಕಿದ್ದೇ ರಾಜಪ್ಪ ಮಷಿನ್ ನಿಲ್ಲಿಸಿದ. ತಂಬು ಹಾರಿಹೋಗುವಂಥ ಕೇಕೆ! ರುಮಾಲುಗಳು ಮೇಲೆ ಹಾರಿದವು. ಅಷ್ಟರಲ್ಲಿ ಬೆಕ್ಕಿನ ಹೊಟ್ಟೆಯ ಮೇಲೊಂದು ಕಂದು ಚುಕ್ಕೆ ಮೂಡಿತು. ನೋಡನೋಡುತ್ತ ಅದು ಹಂಚಿನ ಮೇಲಿನ ರೊಟ್ಟಿ ಸೀದಂತೆ ಅಗಲವಾಯಿತು. ನಿಂತ ಫಿಲ್ಮು ದೀಪದ ಕಾವಿಗೆ ಸುಟ್ಟಿತ್ತು. ಹೊಗೆ ಎದ್ದದ್ದೇ ಜನ ಹೊರಗೋಡಿದರು. ಯಾರಿಗೂ ಏನೂ ಆಗಲಿಲ್ಲ, ಮಷಿನ್ ಮಾತ್ರ ಕರಕಲಾಯಿತು.

ಹೊರಗೆ ಕಡೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಸಾತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಅತ್ತೆಯ ಮನೆಯಲ್ಲಿ ಉಸಿರಿನಷ್ಟೇ ದನಿಯಲ್ಲಿ ಮಾತಾಡುತ್ತಿದ್ದವಳ ಬಾಯಿಂದ ಅದೇ ಕಂಚಿನ ಕಂಠ ಹೊರಟಿತು: "ಇನ್ನೊಂದ ಚೂರ ಬಿಟ್ಟಿದ್ರ ನುಂಗೇಬಿಡತಿತ್ತ್ರೀ! ಯಾವ ಖೋಡಿ ಮಷಿನ್ ನಿಂದರಸಂದಾಂವ?"

ಮಾಯಪ್ಪ ನೆಲ ನೋಡಿದ. ಅವನು ಮಷಿನ್ ಕಡೆ ಹೋದದ್ದನ್ನು ಕಂಡಿದ್ದ ಹೊಳೆಪ್ಪ ಕಾಕಾ ನಿಧಾನಕ್ಕೆ ಮೀಸೆ ತಿರುವಿದ.

"ಹೇಳ್ಲೇನಲೇ ಮಾಯ್ಯಾ?"

ಬಸ್ಸು ಹೊರಟಿತು. ಮಾಯಪ್ಪ ಸಾತವ್ವನಿಗೆ ಅಂದೂ ಸಿನೆಮಾ ತೋರಿಸಲಿಲ್ಲ.