ಬಾಕ್ಸಿಂಗ್ ಸಿನಿಮಾ ನೋಡಿ ಎದ್ದವರು

ಬಾಕ್ಸಿಂಗ್ ಸಿನಿಮಾ ಬಿಟ್ಟಾಗ ಥೇಟರಿನ ಬಾಗಿಲ ಹತ್ತಿರ ನಿಂತು ನೋಡಬೇಕು. ಒಳಗೆ ಹೋಗುವಾಗ ಸಲೀಸಾಗಿ ಹೋದ ಜನ ಹೊರಗೆ ಬರುವಾಗ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾರೆ. ಎಲ್ಲರ ಭುಜವೂ ಒಂದು ಗೇಣು ಹೆಚ್ಚು ಅಗಲವಾಗಿರುತ್ತದೆ. ಪಂದ್ಯಗಳಿಗೆಂದು ಹೋದಾಗ ಇದನ್ನು ಹರಿಯಾಣದ ಭಿವಾನಿಯಲ್ಲಿ ನೋಡಿದ್ದೇನೆ, ಇಂಫಾಲದಲ್ಲಿ ನೋಡಿದ್ದೇನೆ. ಮನಿಲಾದ ಕ್ಷೌರದಂಗಡಿಯೊಂದರಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಟಿವಿ ನೋಡುತ್ತ ಎದ್ದು ನಿಂತು ಗಾಳಿಗೆ ಗುದ್ದಿದ್ದನ್ನೂ, ಕ್ಷೌರಿಕ ಕತ್ತಿ ಹಿಡಿದುಕೊಂಡೇ ತಲೆ ತಪ್ಪಿಸಿಕೊಂಡಿದ್ದನ್ನೂ ನೋಡಿದ್ದೇನೆ. ಆದರೆ ನಮ್ಮ ಜಮಖಂಡಿ ಸೀಮೆಯಲ್ಲಿ ಇಂಥದ್ದು ವಾರಕ್ಕೊಂದಾದರೂ ಆಗುತ್ತದೆ. ಕಾರಣ, ಇದು ಕುಸ್ತಿಯ ನಾಡು. ಗರಡಿಯ ಮಣ್ಣು ಇಲ್ಲಿ ಎಲ್ಲರಿಗೂ ಗೊತ್ತು. ಬಾಕ್ಸಿಂಗ್ ಗೊತ್ತಿರುವುದು ಸಿನಿಮಾದಿಂದ ಮಾತ್ರ.

ನಾನು ಸ್ಕೂಟರಿನ ಮೇಲೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿ ಬಾಕ್ಸಿಂಗ್ ಕಲಿಸುತ್ತೇನೆ. ಒಂದೇ ಊರಲ್ಲಿ ಕೂತರೆ ಕಲಿಯುವವರು ಸಿಗುವುದಿಲ್ಲ. ಒಂದೇ ಊರಲ್ಲಿ ಕೂರಲು ನನಗೂ ಬರುವುದಿಲ್ಲ. ಹೋದ ಬೇಸಿಗೆಯಲ್ಲಿ ನನಗೆ ತುರ್ತಾಗಿ ಒಂದು ಸಿನಿಮಾ ಬೇಕಾಯಿತು. ರಬಕವಿಯ ನೇಕಾರರ ಮನೆಯ ಹುಡುಗಿಯೊಬ್ಬಳಿಗಾಗಿ. ಅವಳ ಎಡಗೈ ಎಂಥದೆಂದರೆ, ಎಲ್ಲಿಂದ ಬಂತು ಎಂದು ಎದುರಿನವರು ಯೋಚಿಸುವಷ್ಟರಲ್ಲಿ ಹೊಡೆದು ಮನೆಗೆ ಹೋಗಿರುತ್ತಿತ್ತು. ರಾಜ್ಯ ಮಟ್ಟಕ್ಕೆ ಆಯ್ಕೆ ಜಮಖಂಡಿಯಲ್ಲೇ ನಡೆಯುವುದಿತ್ತು. ಅಡ್ಡ ನಿಂತಿದ್ದವರು ಅವಳ ಅಜ್ಜ. ಒಂದು ಕಾಲದ ಹೆಸರಾಂತ ಪೈಲ್ವಾನರು. ಕಿವಿಗಳು ಮುದುಡಿ ಹೂಕೋಸಿನಂತಾಗಿದ್ದರೂ ಮನೆಯಲ್ಲಿ ಮಾತು ಇನ್ನೂ ಅವರದೇ.

"ಮಾರಿಗೆ ಹೊಡಿಸ್ಕೊಳ್ಳೋದೂ ಒಂದು ಆಟೇನ್ರಿ ಅಕ್ಕಾರ? ಅದಕ್ಕ ಸಾಲ್ಯಾಗ ಮಾಸ್ತರು ಇದ್ರಲ್ಲ, ಸಾಕಾಗಂಗಿಲ್ಲೇನು?" ಎಂದು ಅವರು ನನ್ನನ್ನು ಬಾಗಿಲಿಂದಲೇ ಕಳಿಸಿದ್ದರು.

ಹುಡುಗಿಯೇ ದಾರಿ ಹೇಳಿದಳು. "ನೀವು ಎಷ್ಟು ಹೇಳಿದ್ರೂ ಅಜ್ಜ ಕೇಳಂಗಿಲ್ಲರಿ. ಒಂದು ಸಿನಿಮಾ ತೋರಿಸೂಣು. ನಾ ಈ ಆಟಕ್ಕ ಬಂದದ್ದ ಸಿನಿಮಾ ನೋಡಿ."

ಯಾವ ಸಿನಿಮಾ ತೋರಿಸಬೇಕು ಎಂದು ಕೇಳಲು ನಾನು ಊರೂರಿಗೆ ಹೊರಟೆ.

ಗ್ಲಾಸಿನೊಳಗೆ ಏನದ?

ಜಮಖಂಡಿಯಲ್ಲಿ ಬಾಕ್ಸಿಂಗ್ ಸಿನಿಮಾದ ಕುರಿತು ಕೊನೆಯ ಮಾತು ಎಂದರೆ ಕೋರ್ಟಿನ ಕಚೇರಿಯಿಂದ ನಿವೃತ್ತರಾದ ರಾಯರದು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಬಾಕ್ಸಿಂಗ್ ಸಿನಿಮಾ ಹಾಕಿದರೆ ಯಾವ ಭಾಷೆಯಾದರೂ ಸೈ. ಜೀವಮಾನದಲ್ಲಿ ಸೊಳ್ಳೆಯನ್ನು ಬಿಟ್ಟು ಯಾರಿಗೂ ಹೊಡೆದವರಲ್ಲ.

ನಾನು ಹೋದಾಗ ಇನ್ನೂ ಬೆಳಕು ಹರಿಯುತ್ತಿತ್ತು. ರಾಯರು ಬನಿಯನ್ ಮೇಲೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಸ್ಟೀಲಿನ ಗ್ಲಾಸು ಹಿಡಿದು ಕನ್ನಡಿಯ ಮುಂದೆ ನಿಂತಿದ್ದರು. ಸಿನಿಮಾದಲ್ಲಿ ನಾಯಕ ನಸುಕಿನಲ್ಲಿ ಎದ್ದು ಹಸಿ ತತ್ತಿ ಒಡೆದು ಕುಡಿಯುತ್ತಾನಲ್ಲ, ಆ ಭಂಗಿ. ಆದರೆ ಆ ಮನೆಯ ಹೊಸ್ತಿಲು ದಾಟಿ ತತ್ತಿ ಎಂದೂ ಬಂದಿಲ್ಲ.

"ಗ್ಲಾಸಿನ್ಯಾಗ ಏನೈತ್ರಿ?" ಎಂದೆ.

"ಮಜ್ಜಿಗಿ."

"ಸಿನಿಮಾದಾಗ ತತ್ತಿ ಇರ್ತಾವ."

"ಒಳಗ ಏನದ ಅನ್ನೋದು ಮುಖ್ಯ ಅಲ್ಲರೀ. ಒಂದ ದಮ್ಮಿಗೆ ಕುಡದು, ಮುಂಗೈಲೆ ಬಾಯಿ ಒರಸಿಕೊಂಡು, ಕನ್ನಡಿಯೊಳಗ ತನ್ನ ಕಣ್ಣು ತಾನ ದಿಟ್ಟಿಸಿ ನೋಡಬೇಕು. ಅದು ಮುಖ್ಯ."

ಯಾಕೆ ಇಷ್ಟು ಹುಚ್ಚು ಎಂದು ಕೇಳಿದೆ. ರಾಯರು ಗಂಭೀರರಾದರು. "ಆಯುಷ್ಯ ಪೂರಾ ಕೋರ್ಟಿನ್ಯಾಗ ಕಳದೀನಿ. ತಪ್ಪು ಮಾಡಿದವಗೂ ತಾರೀಖು, ಮಾಡದವಗೂ ತಾರೀಖು. ಅಪ್ಪ ಹಾಕಿದ ದಾವಾಕ್ಕ ಮೊಮ್ಮಗ ಬಂದು ನಿಂದರ್ತಾನ. ಬಾಕ್ಸಿಂಗಿನ್ಯಾಗ ನೋಡ್ರಿ, ಗಂಟಿ ಹೊಡೀತು, ಒಬ್ಬನ ಕೈ ಎತ್ತಿದ್ರು, ಎಲ್ಲಾರೂ ಊಟಕ್ಕ ಮನಿಗೆ ಹೋದ್ರು. ನ್ಯಾಯ ಅಂದ್ರ ಅದು."

ನಾನು ಬೆರಗಾಗಿ ತಲೆಯಾಡಿಸುತ್ತಿದ್ದಾಗ ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ದಿನಾ ಮುಂಜಾನೆ ಕನ್ನಡಿಗೆ ಗುರ್ ಅಂತಾರ್ರೀ. ನಿನ್ನೆ ಉಪ್ಪಿನಕಾಯಿ ಬಾಟ್ಲಿ ಮುಚ್ಚಳಾ ತಗೀರಿ ಅಂದ್ರ, ಕೆಲಸದಾಕಿ ಬರ್ಲಿ ತಡಿ ಅಂದ್ರು."

ರಾಯರು ತಮ್ಮ ಸಂಗ್ರಹವನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟರು. "ಪೈಲ್ವಾನರಿಗೆ ಯಾವುದು ತೋರಿಸಬೇಕು ಅನ್ನೋದು ಹೊಡದಾಡೋರನ್ನ ಕೇಳ್ರಿ. ನಾವು ಬರೇ ಮಜ್ಜಿಗಿ ಕುಡಿಯೋರು."

ಬೆಳಗಿನ ಓಟ

ಮುಧೋಳದ ನನ್ನ ಶಿಷ್ಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಅವನ ಪ್ರಕಾರ ಬಾಕ್ಸಿಂಗ್ ಸಿನಿಮಾದ ಜೀವ ಇರುವುದು ಓಟದಲ್ಲಿ. ನಾಯಕ ನಸುಕಿನಲ್ಲಿ ಒಬ್ಬನೇ ಓಡಲು ಶುರು ಮಾಡುತ್ತಾನೆ; ಹಾಡು ಏರುತ್ತ ಹೋದಂತೆ ಓಣಿಯ ಮಂದಿಯೆಲ್ಲ ಅವನ ಹಿಂದೆ ಓಡುತ್ತ ಬರುತ್ತಾರೆ. ಅದನ್ನು ನೋಡಿದ ಮರುದಿನವೇ ಫಿಟ್ಟರು ಕಿವಿಗೆ ಹಾಡು ಸಿಗಿಸಿಕೊಂಡು ಊರ ಹೊರಗಿನ ರಸ್ತೆಯಲ್ಲಿ ಓಡಿದ. ಸ್ವಲ್ಪ ಹೊತ್ತಿಗೆ ಹಿಂದೆ ಯಾರೋ ಓಡಿ ಬರುವ ಸದ್ದು. ಇವನಿಗೆ ಎದೆ ಉಬ್ಬಿತು. ನಮ್ಮೂರಲ್ಲೂ ಜನ ಕೂಡಿಕೊಂಡರು ಎಂದು ಹೆಮ್ಮೆಯಿಂದ ತಿರುಗಿ ನೋಡಿದರೆ, ಬಿಲ್ಲಿನ ಹಾಗೆ ಬೆನ್ನು ಬಾಗಿಸಿಕೊಂಡು ಮುಧೋಳದ ನಾಯಿ.

ಮೊಲದ ಬೆನ್ನು ಹತ್ತಲೆಂದೇ ಹುಟ್ಟಿದ ಜಾತಿ ಅದು. ಅದರ ಹಿಂದೆ ಬೈಕಿನ ಮೇಲೆ ಅದರ ಯಜಮಾನ.

"ನಿಂದರ್ರೀ, ಓಡಬ್ಯಾಡ್ರಿ. ನೀವು ಓಡೂತನಕ ಅದೂ ಓಡ್ತೈತಿ."

"ಮೊದ್ಲ ಅದಕ್ಕ ನಿಲ್ಲಂತ ಹೇಳ್ರಿ. ಅದು ಓಡೂತನಕ ನಾನೂ ಓಡ್ತೇನಿ."

ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನಂಬದೆ ಬಹಳ ದೂರ ಹೋದರು. ಕೊನೆಗೆ ಫಿಟ್ಟರು ಕಬ್ಬಿನ ಟ್ರ್ಯಾಕ್ಟರೊಂದರ ಮೇಲೆ ಹತ್ತಿ ಕೂತ. ನಾಯಿ ಬಾಲ ಆಡಿಸುತ್ತ ಕೆಳಗೆ ನಿಂತಿತು. ಯಜಮಾನ ಬೈಕು ನಿಲ್ಲಿಸಿ ಮೆಚ್ಚುಗೆಯಿಂದ ಮೇಲೆ ನೋಡಿದ. "ಏನ್ ಓಡ್ತೀರಿ ಬಿಡ್ರಿ. ನಾಳೆ ಎಷ್ಟೊತ್ತಿಗೆ ಬರ್ತೀರಿ? ನಮ್ಮದಕ್ಕ ಸರಿಜೋಡಿ ಸಿಕ್ಕಿರಲಿಲ್ಲ."

ಅವ್ವನ ನೆನಪು

ಬೀಳಗಿಯ ಶಿಷ್ಯನದು ಮೊಬೈಲ್ ರಿಪೇರಿ ಅಂಗಡಿ. ರಿಪೇರಿ ಆಯಿತೋ ಇಲ್ಲವೋ ಎಂದು ಪರೀಕ್ಷಿಸಲು ಪ್ರತಿ ಗಿರಾಕಿಯ ಫೋನಿನಲ್ಲೂ ಒಂದು ಬಾಕ್ಸಿಂಗ್ ಸಿನಿಮಾ ಪೂರ್ತಿ ನೋಡುತ್ತಾನೆ. ಗಿರಾಕಿ ಕಾಯಬೇಕು.

ಒಂದು ದಿನ ಅಭ್ಯಾಸದಲ್ಲಿ ಫಿಟ್ಟರನ ಪೆಟ್ಟು ತಿಂದು ಬಿದ್ದ. ದೊಡ್ಡ ಪೆಟ್ಟೇನಲ್ಲ, ಕಾಲು ಜಾರಿದ್ದೇ ಹೆಚ್ಚು. ಆದರೆ ಕಣ್ಣು ಅರ್ಧ ಮುಚ್ಚಿ, ಮೋರೆಯ ಮೇಲೆ ಏನೋ ಒಂದು ಶಾಂತಿ ತಂದುಕೊಂಡು ಮಲಗಿಬಿಟ್ಟ. ನಾನು ಹತ್ತು ಎಣಿಸಿ ಮುಗಿಸಿದೆ. ಆಮೇಲೆ ಎದ್ದು ನನ್ನ ಮೇಲೆಯೇ ಸಿಟ್ಟಾದ.

"ಇಷ್ಟ ಲಗೂ ಎಣಿಸಿದ್ರ ಹೆಂಗ್ರಿ ಅಕ್ಕಾರ? ಅವ್ವನ ನೆನಪು ಬರಬೇಕಲ್ಲ."

ಸಿನಿಮಾದಲ್ಲಿ ಬಿದ್ದ ನಾಯಕನಿಗೆ ಅವ್ವನ ನೆನಪಾಗುತ್ತದೆ, ಅವ್ವ ಏನೋ ಹೇಳುತ್ತಾಳೆ, ಅವನು ಸಿಡಿಲಿನಂತೆ ಎದ್ದು ಹೊಡೆಯುತ್ತಾನೆ. ಇವನು ಅದಕ್ಕೇ ಕಾಯುತ್ತಿದ್ದ.

"ಬಂತೇನು ನೆನಪು?" ಎಂದು ಫಿಟ್ಟರು ಕೇಳಿದ.

"ಬಂತು. ಬರೂ ಮುಂದ ಕೊತ್ತಂಬ್ರಿ ತಗೊಂಬಾ ಅಂದಿದ್ಲು. ಅದ ನೆನಪಾತು."

ಇಷ್ಟು ನಕ್ಕ ಮೇಲೂ ಒಂದು ಮಾತು ಹೇಳಬೇಕು. ಈ ಸಿನಿಮಾಗಳೆಲ್ಲ ಎಷ್ಟು ಸುಳ್ಳು ಎಂದು ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತು. ಪರದೆಯ ಮೇಲೆ ಒಬ್ಬ ತಿನ್ನುವಷ್ಟು ಪೆಟ್ಟು ನಿಜದಲ್ಲಿ ಒಂದು ಊರೇ ತಿಂದರೂ ಉಳಿಯುವುದಿಲ್ಲ. ಆದರೂ ನೋಡುತ್ತಾರೆ, ಮತ್ತೆ ಮತ್ತೆ ನೋಡುತ್ತಾರೆ. ನಿಜವಾದ ಪಂದ್ಯ ಚಹಾ ಆರುವುದರೊಳಗೆ ಮುಗಿಯುತ್ತದೆ. ಅದಕ್ಕಾಗಿ ಓಡಿದ ಓಟ, ಬಿಟ್ಟ ಹೋಳಿಗೆ, ಹಿಂದಿನ ದಿನದ ಹೆದರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನೆಲ್ಲ ಕೂತು ತೋರಿಸುವುದು ಸಿನಿಮಾ ಒಂದೇ. ನಾನು ಹೋದ ಯಾವ ದೇಶದಲ್ಲೂ ಇದನ್ನು ನೋಡಿ ನಕ್ಕ ಬಾಕ್ಸರ್ ಒಬ್ಬನೂ ಸಿಕ್ಕಿಲ್ಲ. ಕಣ್ಣಿಗೆ ಕಸ ಬಿತ್ತು ಎಂದವರು ಬೇಕಾದಷ್ಟು ಸಿಕ್ಕಿದ್ದಾರೆ.

ಅವ್ವನ ನೆನಪು ಬರುವ ಸಿನಿಮಾವನ್ನೇ ಪೈಲ್ವಾನರಿಗೆ ತೋರಿಸುವುದೆಂದು ಮೂವರೂ ಸೇರಿ ತೀರ್ಮಾನಿಸಿದೆವು.

ಮಗ್ಗದ ಮನಿಯ ಸಿನಿಮಾ

ಅಮಾವಾಸ್ಯೆಯ ದಿನ ಮಗ್ಗಗಳಿಗೆ ಸೂಟಿ, ನೇಯ್ಗೆ ಇಲ್ಲ. ರಬಕವಿಯ ಆ ಮನೆಯಲ್ಲಿ ಮಗ್ಗದ ಕೋಣೆಯ ಗೋಡೆಗೆ ಬಣ್ಣ ಹಾಕದ ಬಿಳಿ ಬಟ್ಟೆ ಕಟ್ಟಿ, ಕಿಟಕಿಗಳಿಗೆ ಕಂಬಳಿ ಹೊದಿಸಿ, ನನ್ನ ಸಣ್ಣ ಪ್ರೊಜೆಕ್ಟರ್ ಇಟ್ಟೆವು. ಅಜ್ಜ ತಲೆಗೆ ಪಟಕಾ ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ಕೂತರು. ಓಣಿಯ ನೇಕಾರರೆಲ್ಲ ಬಂದರು.

ನಾಯಕ ಮಿರಮಿರ ಮಿಂಚುವ ನಿಲುವಂಗಿ ಹಾಕಿಕೊಂಡು ಒಳಗೆ ಬಂದ. ಕೋಣೆಯಲ್ಲಿ ಗುಜುಗುಜು ಎದ್ದಿತು. ನಾನು ಖುಷಿಪಟ್ಟೆ. ಕಿವಿಗೊಟ್ಟರೆ, "ಹೊಳಪು ಛಲೋ ಐತಿ, ಅಂಚು ಸಡ್ಲ ಐತಿ ನೋಡು", "ಎರಡು ಒಗತಕ್ಕ ಹೋತದು" ಎಂದು ಬಟ್ಟೆಯ ಪಂಚಾಯ್ತಿ ನಡೆದಿತ್ತು.

ಅಷ್ಟರಲ್ಲಿ ಮೊದಲ ಪೆಟ್ಟಿಗೇ ನಾಯಕ ಅಂಗಾತ ಬಿದ್ದ. ಅಜ್ಜ ಪಟಕಾ ಸರಿಪಡಿಸಿಕೊಂಡು ಎದ್ದು ನಿಂತರು.

"ಎಲ್ಲಿ ಹೊಂಟಿ ಅಜ್ಜಾ?" ಮೊಮ್ಮಗಳು ಗಾಬರಿಯಾದಳು.

"ಮುಗೀತಲ್ಲ. ಬೆನ್ನು ನೆಲಕ್ಕ ಹತ್ತಿತು. ಚಿತ್."

"ಇನ್ನೂ ಎರಡು ತಾಸು ಐತಿ. ಅವ ಏಳತಾನ ತಡಿ."

"ಎದ್ರ ಏನಾತು? ಸೋತ ಮ್ಯಾಲೆ ನಾನೂ ಎದ್ದೇನಿ. ಅಲ್ಲೇ ಮಲಗಿಲ್ಲ, ನಡಕೊಂಡ ಮನಿಗೆ ಬಂದೇನಿ."

ನಾನು ಅಡ್ಡ ನಿಂತು ವಿವರಿಸಿದೆ. ಬಾಕ್ಸಿಂಗಿನಲ್ಲಿ ಬಿದ್ದರೆ ಸೋತಂತಲ್ಲ. ಹತ್ತು ಎಣಿಸುತ್ತಾರೆ, ಅಷ್ಟರೊಳಗೆ ಎದ್ದರೆ ಮತ್ತೆ ಆಡಬಹುದು. ಅಜ್ಜ ನನ್ನನ್ನು ಅನುಮಾನದಿಂದ ನೋಡಿದರು.

"ಬಿದ್ದವಗ ಏಳಾಕ ವ್ಯಾಳ್ಯಾ ಕೊಡ್ತಾರ?"

"ಹೌದ್ರಿ."

"ಖರೇನ?"

ಅಜ್ಜ ಮೆಲ್ಲಗೆ ಮತ್ತೆ ಕೂತರು. ಹರೆಯದಲ್ಲಿ ಮಹಾಲಿಂಗಪುರದ ಒಂದು ಕುಸ್ತಿಯಲ್ಲಿ ಬಿದ್ದಿದ್ದರಂತೆ. "ಬಿದ್ದದ್ದ ಗೊತ್ತಾಗಿಲ್ಲ, ಅಷ್ಟರಾಗ ಎದ್ದು ನಿಂತಿದ್ದೆ. ಪಂಚರು ಬೆನ್ನು ನೋಡಿದ್ರು, ಮಣ್ಣು ಹತ್ತಿತ್ತು. ಆತು ಅಂದ್ರು. ನನಗ ಯಾರೂ ಒಂದು ಅಂತ ಸೈತ ಎಣಿಸಲಿಲ್ಲ." ಪರದೆಯ ಕಡೆ ಕೈ ಮಾಡಿ, "ಇದು ದೇವರಂಥ ಆಟ ಐತಲ್ಲ ಲೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹಾಕ್ರಿ ಮೊದಲಿಂದ. ಆಯ್ಕಿ ದಿನ ನಾನೂ ಬರ್ತೇನಿ. ನೋಡಿದ ಮ್ಯಾಲ ಹೇಳ್ತೇನಿ, ಮುಂದ ಕಳಿಸೂದೋ ಬ್ಯಾಡೋ."

ಎಣಿಕೆ

ಜಮಖಂಡಿಯ ಸಭಾಂಗಣದಲ್ಲಿ ನಮ್ಮ ಹುಡುಗಿಯ ಎದುರಿಗೆ ಬಂದವಳು ಬೀಳಗಿ ಕಡೆಯ ಹುಡುಗಿ, ಬೇರೆಯವರ ಹತ್ತಿರ ಕಲಿತವಳು, ಬಲಗೈ ಗಟ್ಟಿ. ಮೊದಲ ಸುತ್ತಿನಲ್ಲೇ ನಮ್ಮವಳು ಅಜ್ಜ ಎಲ್ಲಿ ಕೂತಿದ್ದಾರೆ ಎಂದು ಒಂದು ಕ್ಷಣ ಆ ಕಡೆ ನೋಡಿದಳು. ಆ ಬಲಗೈ ಬಂತು. ಹುಡುಗಿ ಅಂಗಾತ ಬಿದ್ದಳು.

ರೆಫರಿ ಬಾಗಿ ಇಂಗ್ಲಿಷಿನಲ್ಲಿ ಎಣಿಸಲು ಶುರು ಮಾಡಿದರು. ಸಿನಿಮಾದಲ್ಲಿ ಎಣಿಸಿದ್ದು ಕನ್ನಡದಲ್ಲಿ; ಅಜ್ಜನಿಗೆ ಇದು ಎಣಿಕೆ ಎಂದು ತಿಳಿಯಲಿಲ್ಲ, ಬೈಯುತ್ತಿದ್ದಾರೆ ಎಂದುಕೊಂಡರು. ತನಗಾದ ಅನ್ಯಾಯವೇ ಮೊಮ್ಮಗಳಿಗೂ ಆಗುತ್ತಿದೆ ಎಂದು ಎದ್ದು ನಿಂತು, ಗರಡಿಯ ದನಿ ತೆಗೆದು ತಾವೇ ಎಣಿಸತೊಡಗಿದರು. "ಒಂದು. ಎರಡು. ಮೂರು. ನಾಕು. ಐದು. ಆರು. ಏಳು."

ಹುಡುಗಿ ತಟ್ಟನೆ ಎದ್ದು ನಿಂತಳು. ರೆಫರಿ ನಿಯಮದಂತೆ ಎಂಟರವರೆಗೆ ಎಣಿಸಿ, ಕಣ್ಣು ನೋಡಿ, ಆಟ ಮುಂದುವರಿಸಲು ಬಿಟ್ಟರು. ಸುತ್ತು ಮುಗಿದಾಗ ಮುಖಕ್ಕೆ ನೀರು ಹಾಕುತ್ತ ಹೇಗೆ ಎದ್ದೆ ಎಂದು ಕೇಳಿದೆ. "ತಲಿ ಗುಂಯ್ ಅನ್ನಾಕತ್ತಿತ್ರಿ. ಅಜ್ಜ ಏಳು ಅಂದ. ಸಾಲಿಗೆ ತಡಾ ಆತು ಅಂತ ತಿಳಕೊಂಡ ಎದ್ದೆ."

ಕೊನೆಯ ಸುತ್ತಿನವರೆಗೂ ಸಮಸಮ. ಮುಗಿಯಲು ಸ್ವಲ್ಪವೇ ಹೊತ್ತಿದೆ ಎನ್ನುವಾಗ ಆ ಎಡಗೈ ಹೊರಟಿತು. ಬೀಳಗಿಯ ಹುಡುಗಿ ಕೆಳಗೆ. ಹತ್ತು ಎಣಿಸಿದರೆ ಪಂದ್ಯ ನಮ್ಮದು. ರಬಕವಿಯ ಮಂದಿ ಕುಣಿಯಲು ಕಾಲೆತ್ತಿದ್ದರು. ಅಷ್ಟರಲ್ಲಿ ಅಜ್ಜ ಎದ್ದರು. ಪೈಲ್ವಾನರ ನ್ಯಾಯ, ಯಾರ ಮೊಮ್ಮಗಳಾದರೇನು, ಬಿದ್ದವಳಿಗೂ ಎಣಿಕೆ ಸಿಗಬೇಕು. "ಒಂದು. ಎರಡು. ಮೂರು." ಅದೇ ದನಿ. ನಾನು ರಿಂಗಿನ ಮೂಲೆಯಿಂದ ಕೈ ಬೀಸಿ ಬೇಡ ಬೇಡ ಎಂದೆ. ಬೇಗ ಎಣಿಸು ಎನ್ನುತ್ತಿದ್ದೇನೆ ಎಂದುಕೊಂಡು ಅವರು ಬೇಗ ಬೇಗ ಎಣಿಸಿದರು. "ನಾಕು, ಐದು, ಆರು, ಏಳು."

ಬೀಳಗಿಯಲ್ಲೂ ಮಕ್ಕಳನ್ನು ಎಬ್ಬಿಸುವುದು ಕನ್ನಡದಲ್ಲೇ. ಆ ಹುಡುಗಿಯೂ ಎದ್ದು ನಿಂತಳು.

ನಮ್ಮವಳು ಬಾಯಲ್ಲಿ ಗಾರ್ಡ್ ಇಟ್ಟುಕೊಂಡೇ ಅಜ್ಜನ ಕಡೆ ತಿರುಗಿ ಏನೋ ಕೂಗಿದಳು. ಒಂದು ಅಕ್ಷರವೂ ಸ್ಪಷ್ಟವಿರಲಿಲ್ಲ, "ನೀ ಯಾರ ಕಡ್ಯಾಂವ?" ಎಂದದ್ದು ಮಾತ್ರ ಕೊನೆಯ ಸಾಲಿನವರಿಗೂ ತಿಳಿಯಿತು. ಗಂಟೆ ಹೊಡೆಯಿತು. ಕೂದಲೆಳೆಯಷ್ಟು ಅಂಕದ ಅಂತರದಿಂದ ನಮ್ಮ ಹುಡುಗಿಯ ಕೈ ಮೇಲೆದ್ದಿತು.

ರೆಫರಿ ಇಳಿದು ಬಂದರು. "ಅಜ್ಜಾರ, ಎಣಿಸೋದು ನನ್ನ ಕೆಲಸರೀ."

"ನಿಮ್ಮ ಇಂಗ್ಲಿಷಿಗೆ ಯಾರು ಏಳ್ತಾರ್ರಿ ಸಾಹೇಬ್ರ? ಸೆವೆನ್ ಅಂದ್ರ ಮಲಗಿದವ್ರು ಮಗ್ಗಲಾ ಬದಲಿಸ್ತಾರ."

ನಾನು ಮುಖ್ಯವಾದ ಪ್ರಶ್ನೆ ಕೇಳಿದೆ. "ಅಜ್ಜಾರ, ರಾಜ್ಯ ಮಟ್ಟಕ್ಕ ಕಳಿಸ್ತೀರಿಲ್ಲೋ?"

"ಕಳಿಸ್ದ ಏನ ಮಾಡೂದ್ರಿ? ನಾನೂ ಬರ್ತೇನಿ."

"ನೀ ಬ್ಯಾಡಜ್ಜಾ" ಎಂದಳು ಮೊಮ್ಮಗಳು, ಕೈಪಟ್ಟಿ ಬಿಚ್ಚುತ್ತ. "ನಾ ಕಷ್ಟಪಟ್ಟು ಕೆಡವಿದವರನ್ನೆಲ್ಲಾ ನೀ ಎಬ್ಬಸ್ತಿ."

ಅಜ್ಜ ಪಟಕಾ ಬಿಚ್ಚಿ ಮತ್ತೆ ಸುತ್ತಿಕೊಂಡರು.

"ನೀ ಬಿದ್ರ ಪೂರಾ ಎಣಿಸ್ತೇನಿ. ಬ್ಯಾರೇದವ್ರು ಬಿದ್ರ, ಆರು ಆದ ಮ್ಯಾಲೆ ಸೀದಾ ಎಂಟು."