ನಿಂಬೆಹಣ್ಣಿನ ಶತ್ರು

ನಮ್ಮ ಸೋದರಮಾವನ ಮನೆಯಲ್ಲಿ ನಲವತ್ತು ಕತ್ತಿ, ಚೂರಿ, ಕಠಾರಿಗಳಿದ್ದವು. ಬದನೆಕಾಯಿ ಹೆಚ್ಚಲು ಮಾತ್ರ ನಮ್ಮತ್ತೆ ಪಕ್ಕದ ಮನೆಯಿಂದ ಈಳಿಗೆ ಕಡ ತರುತ್ತಿದ್ದಳು!

ನಲವತ್ತು ಎಂಬುದು ನನ್ನ ಲೆಕ್ಕ. ಇಪ್ಪತ್ತನ್ನು ದಾಟಿರಲಿಲ್ಲ ಎಂದು ನಮ್ಮವ್ವ ಆಣೆ ಮಾಡುತ್ತಾಳೆ. ನನ್ನ ನೆನಪಿಗೆ ಒಂದು ಕೆಟ್ಟ ಚಾಳಿಯಿದೆ. ಪ್ರತಿ ಸಲ ಆ ಮನೆಯೊಳಗೆ ಹೊಕ್ಕಾಗ ಗೋಡೆಗೆ ಇನ್ನೊಂದು ಕತ್ತಿ ನೇತುಹಾಕಿ ಬರುತ್ತದೆ. ಆದ್ದರಿಂದ ಓದುವವರು ಎರಡರ ನಡುವೆ ಎಲ್ಲಾದರೂ ನಿಂತುಕೊಳ್ಳಬಹುದು.

ಮಾಮ ಇಲಕಲ್ಲಿನವನು. ಮನೆಯಲ್ಲಿ ಮಗ್ಗ, ಹೆಗಲ ಮೇಲೆ ಸೀರೆಯ ಗಂಟು. ಎಪ್ಪತ್ತರ ದಶಕದಲ್ಲಿ ಬಾದಾಮಿ, ಬಾಗಲಕೋಟೆ, ಕಮತಗಿ ಎಂದು ಊರೂರು ತಿರುಗಿ ಸೀರೆ ಮಾರುತ್ತಿದ್ದ. ಹಳೆಯ ಮನೆಗಳ ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದ ಯಾವುದೋ ಚೂರಿ ಇವನ ಕಣ್ಣಿಗೆ ಬಿದ್ದರೆ ಮುಗಿಯಿತು! ಆ ಮನೆಯ ಹೆಂಗಸಿಗೆ ಸೀರೆ, ಇವನಿಗೆ ಚೂರಿ. ಒಳ್ಳೆಯ ಕೆಂಪು ಸೆರಗಿನ ಸೀರೆ ಹೋಗಿ ಹಿಡಿಕೆ ಮುರಿದ ಕಬ್ಬಿಣ ಮನೆಗೆ ಬರುತ್ತಿತ್ತು. ಹೊರಡುವಾಗಲೆಲ್ಲ ಅತ್ತೆ ಈಳಿಗೆ ತರಲು ಹೇಳುತ್ತಿದ್ದಳು.

"ಈಳಗಿ ಎಲ್ಲೈತ್ರಿ?"

"ಮುಂದಿನ ಸಲ ತರ್ತೇನಿ. ಇದನ್ನ ನೋಡಿಲ್ಲೆ, ಅರಬರ ಜಂಬಿಯಾ! ಹೆಂಗ ಬಾಗೇತಿ ನೋಡು!"

"ನನ್ನ ಬೆನ್ನೂ ಹಂಗ ಬಾಗೇತ್ರಿ. ಅದನ್ನೂ ಒಮ್ಮೆ ನೋಡ್ರಿ."

ಇಷ್ಟೊಂದು ಕತ್ತಿಗಳಲ್ಲಿ ಒಂದಕ್ಕೆ ಸಾಣೆ ಹಿಡಿಸಿದರೆ ಅಡುಗೆಮನೆಯ ಕಷ್ಟ ತೀರುತ್ತಿರಲಿಲ್ಲವೇ? ಹಾಗೆ ಕೇಳಿದವರಿಗೆ ಮಾಮ ಚಹಾ ಕೂಡ ಕೊಡುತ್ತಿರಲಿಲ್ಲ. "ಮುದುಕರ ಮಾರಿ ಮ್ಯಾಗಿನ ಸುಕ್ಕಿಗೆ ಇಸ್ತ್ರಿ ಹೊಡಿತೀರೇನು?" ಎಂದು ಗದರುತ್ತಿದ್ದ. ಸಾಣೆ ಹಿಡಿಸಿದರೆ ಅಲಗು ಸವೆಯುತ್ತದೆ, ಅಲಗಿನ ಜೊತೆ ಅದರ ವಯಸ್ಸೂ ಹೋಗುತ್ತದೆ ಎಂಬುದು ಅವನ ಸಿದ್ಧಾಂತ. ಈಗ ನನಗೂ ಅದು ಸರಿ ಎನಿಸುತ್ತದೆ. ಅತ್ತೆಯ ಎದುರು ಹಾಗೆನ್ನುವ ಧೈರ್ಯ ಮಾತ್ರ ನನಗೆ ಎಂದೂ ಬರಲಿಲ್ಲ.

ಒಮ್ಮೆ ಬಾದಾಮಿಯಿಂದ ಬರುವಾಗ ಬಸ್ಸಿನ ಕಂಡಕ್ಟರು ಅವನ ಗಂಟನ್ನು ಕಾಲಿನಿಂದ ಸರಿಸಿದನಂತೆ. ಒಳಗೆ ಖಣ್ ಎಂದಿತು.

"ಏನ್ರಿ ಯಜಮಾನ್ರ, ಗಂಟಿನ್ಯಾಗ ಏನೈತ್ರಿ?"

"ಇತಿಹಾಸ ಐತೋ ತಮ್ಮಾ."

"ಭಾಳ ಒಜ್ಜಿ ಐತ್ರಿ ನಿಮ್ಮ ಇತಿಹಾಸ. ಲಗೇಜ್ ತಗಸ್ರಿ!"

ಆ ಲಗೇಜ್ ಟಿಕೀಟನ್ನೂ ಮಾಮ ಜೋಪಾನವಾಗಿ ಗಂಟಿನೊಳಗಿದ್ದ ಕಠಾರಿಯ ಹಿಡಿಕೆಗೇ ಕಟ್ಟಿದ. ಅವನ ಪದ್ಧತಿಯೇ ಹಾಗೆ. ಪ್ರತಿ ಕತ್ತಿಗೂ ಮಗ್ಗದ ನೂಲಿನಿಂದ ಕಟ್ಟಿದ ಒಂದು ಚೀಟಿ. ಯಾವ ದೇಶದ್ದು, ಯಾರ ಮನೆಯಿಂದ ಬಂತು, ಯಾವ ಸೀರೆ ಕೊಟ್ಟದ್ದು, ಎಲ್ಲ ಅದರಲ್ಲಿ.

ಒಂದರ ಚೀಟಿ ಮಾತ್ರ ಖಾಲಿ. ಅದು ಜಾವಾ ಕಡೆಯ ಕ್ರಿಸ್ ಎಂಬ ಕಠಾರಿ. ಹಾವು ಹರಿದಂತೆ ಬಳುಕುವ ಅಲಗು, ಉಕ್ಕಿನೊಳಗೆ ನೀರಿನ ಅಲೆಯಂಥ ಬೂದು ಗೆರೆಗಳು. ಮಲಾಯಾದ ಯುದ್ಧದಿಂದ ಬಂದ ಸಿಪಾಯಿಯೊಬ್ಬನ ಹೆಂಡತಿ ಕೊಟ್ಟಳೆಂದು ಒಮ್ಮೆ ಹೇಳುತ್ತಿದ್ದ. ಇನ್ನೊಮ್ಮೆ ಮುಂಬಯಿಯ ಹಡಗುಕಟ್ಟೆಯ ಕೂಲಿಯೊಬ್ಬ ತಂದನೆಂದು.

"ಇದರಾಗ ಖರೆ ಯಾವುದು ಮಾಮಾ?"

"ಅದನ್ನ ಕೊಟ್ಟವರ ಎರಡು ಮೂರು ಥರಾ ಹೇಳ್ಯಾರ. ಖರೆ ಗೊತ್ತಾದ ದಿವಸ ಚೀಟಿ ಬರೀತೇನಿ."

ಆ ಕ್ರಿಸ್‌ಗೆ ಒರೆ ಇರಲಿಲ್ಲ. ಸೀರೆಯ ಸೆರಗಿನ ತುಂಡಿನಲ್ಲಿ ಸುತ್ತಿ, ಹೋದಲ್ಲೆಲ್ಲ ಕೈಚೀಲದಲ್ಲಿ ಹೊತ್ತೊಯ್ಯುತ್ತಿದ್ದ. ಮನೆಯಲ್ಲಿ ಬಿಟ್ಟರೆ ಕಳ್ಳರ ಭಯ. ಕಳ್ಳರಿಗಿಂತ ಹೆಚ್ಚಿನ ಭಯ ನಿಂಬೆಹಣ್ಣಿನದು! ನಮ್ಮ ಕಡೆ ಮದುವೆಯ ಗಂಡು ಕೈಯಲ್ಲಿ ಕಠಾರಿ ಹಿಡಿಯಬೇಕು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ಇಲಕಲ್ಲಿನ ಅರ್ಧ ಮದುಮಕ್ಕಳು ಕಠಾರಿ ಕೇಳಿಕೊಂಡು ಇವನ ಬಾಗಿಲಿಗೆ ಬರುತ್ತಿದ್ದರು. ಕೊಡುತ್ತಿದ್ದ, ಒರೆಯ ಸಮೇತ. ಹಣ್ಣನ್ನು ಒರೆಗೆ ದಾರದಿಂದ ಕಟ್ಟಿಕೊಳ್ಳಬೇಕು, ಬಿಚ್ಚುಗತ್ತಿಗೆ ಚುಚ್ಚಕೂಡದು. "ಹುಳಿ ಉಕ್ಕು ತಿಂತೈತಿ. ಒಂದು ತಾಸು ಸಾಕು, ಕಪ್ಪು ಕಲಿ ಬಿತ್ತಂದ್ರ ಹೋಗಂಗಿಲ್ಲ." ಕರೆಯದ ಮದುವೆಗಳಿಗೂ ಹೋಗಿ, ರಸ ತಾಗಿದರೆ ಒರೆಸಲು ಕೊಬ್ಬರಿ ಎಣ್ಣೆಯ ಶೀಶೆ ಹಿಡಿದು, ಗಂಡಿನ ಪಕ್ಕದಲ್ಲೇ ಕಾವಲು ನಿಲ್ಲುತ್ತಿದ್ದ. ಹಳೆಯ ಮದುವೆ ಫೋಟೋಗಳಲ್ಲಿ ಗಂಡು, ಹೆಣ್ಣು, ನಮ್ಮ ಮಾಮ, ಮೂವರೂ ಇರುತ್ತಾರೆ!

ಎಂಬತ್ತರ ದಶಕದ ಮೊದಲಿಗೆ ಹುನಗುಂದದಲ್ಲಿ ನನ್ನ ಮದುವೆಯಾಯಿತು. ಅಪ್ಪ ಇರಲಿಲ್ಲ. ನಾನು ಸಾಲೆಗೆ ಹೋಗುವಾಗಲೇ ತೀರಿಕೊಂಡಿದ್ದ. ಧಾರೆ ಎರೆಯಬೇಕಾದವರು ಮಾಮ ಮತ್ತು ಅತ್ತೆ. ಗಂಡಿನವರು ಬಾದಾಮಿಯಿಂದ ಬಂದಿಳಿದರು. ಹಂದರದಲ್ಲಿ ಕೂತ ಮೇಲೆ ತಿಳಿಯಿತು, ಕಠಾರಿ ಇಲ್ಲ! ಅಣ್ಣ ತಂದಿದ್ದಾನೆಂದು ತಮ್ಮ, ತಮ್ಮ ತಂದಿದ್ದಾನೆಂದು ಅಣ್ಣ. ಅದು ಬಾದಾಮಿಯ ದೇವರ ಜಗುಲಿಯ ಮೇಲೆ ಹಾಯಾಗಿ ಮಲಗಿತ್ತು. ಮುಹೂರ್ತದ ಅಕ್ಕಿಕಾಳು ಬೀಳಲು ಇನ್ನು ಅರ್ಧ ತಾಸೂ ಇಲ್ಲ. ಯಾರೋ ಅಡಕಿಗತ್ತರಿ ತಂದುಕೊಟ್ಟರು. ಗಂಡಿನ ಹಿರಿಯ ಅತ್ತೆ ಅದನ್ನು ಎಡಗೈಯಿಂದ ದೂಡಿದಳು.

"ಅಡಕಿಗತ್ತರಿ ಹಿಡಿದು ಕುಂಡರಾಕ ನಮ್ಮ ಹುಡುಗ ಏನ್ ಪಾನ್ ಅಂಗಡಿ ಇಟ್ಟಾನೇನ್ರಿ? ಕಠಾರಿ ಬೇಕು, ಅದಕ್ಕ ನಿಂಬಿಹಣ್ಣು ಚುಚ್ಚಬೇಕು. ಇಲ್ಲಂದ್ರ ಈ ಮುಹೂರ್ತ ಬಿಟ್ಟುಬಿಡ್ರಿ. ಮುಂದ ನೋಡೋಣು."

ಮುಂದೆ ನೋಡೋಣ ಎಂದರೆ ಏನರ್ಥವೆಂದು ಅಪ್ಪನಿಲ್ಲದ ಹುಡುಗಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವ್ವ ಕಂಬ ಹಿಡಿದು ನಿಂತಳು. ನಾನು ಮಾಮನ ಕೈಚೀಲವನ್ನು ನೋಡಿದೆ. ನೋಡಬಾರದೆಂದುಕೊಂಡೇ ನೋಡಿದೆ. ಅವನೂ ನನ್ನನ್ನು ನೋಡಿದ.

ಮಾಮ ಸೆರಗಿನ ತುಂಡು ಬಿಚ್ಚಿದ. "ನಿಂಬಿಹಣ್ಣು ಕೊಡ್ರಿ" ಎಂದ. ನಮ್ಮತ್ತೆ, "ಏನ್ರಿ, ಅದಕ್ಕ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮಾಮ ಎಲ್ಲಕ್ಕಿಂತ ದಪ್ಪನೆಯ, ರಸ ತುಂಬಿದ ಹಣ್ಣನ್ನೇ ಆರಿಸಿ, ತನ್ನ ಕೈಯಾರೆ ಕ್ರಿಸ್‌ನ ತುದಿಗೆ ಚುಚ್ಚಿದ. ರಸ ಅಲಗಿನ ಗೆರೆಗುಂಟ ಇಳಿಯಿತು. ನನ್ನ ಗಂಡ ಇಂದಿಗೂ ಹೇಳುವುದೆಂದರೆ, ಮಂತ್ರ ಹೇಳುವಾಗಲೆಲ್ಲ ಮಾಮ ಅವನ ಕಿವಿಯಲ್ಲಿ, "ಅಳಿಯಂದ್ರ, ತುದಿ ಕೆಳಗ ಮಾಡ್ರಿ, ಕೆಳಗ ಮಾಡ್ರಿ, ರಸ ಹರೀತೈತಿ" ಎನ್ನುತ್ತಿದ್ದನಂತೆ. ನನಗೆ ಅದು ಕೇಳಿಸಿದ್ದಿಲ್ಲ. ಧಾರೆಯ ಹೊತ್ತಿನಲ್ಲಿ ಮಾಮ ಅತ್ತನೆಂದು ನನ್ನ ನೆನಪು. ನಿಂಬೆರಸ ಕಣ್ಣಿಗೆ ಸಿಡಿದಿತ್ತೆಂದು ಅವ್ವ. ಎರಡನ್ನೂ ಇಲ್ಲಿ ಬರೆದಿದ್ದೇನೆ.

ಊಟವೆಲ್ಲ ಮುಗಿದ ಮೇಲೆ ಹಣ್ಣು ತೆಗೆದರು. ತುದಿಯಲ್ಲಿ ಹೆಬ್ಬೆರಳಿನಷ್ಟು ಕಪ್ಪು ಕಲೆ. ಎಣ್ಣೆಯ ಶೀಶೆ ಮಾಮನ ಜೇಬಿನಲ್ಲೇ ಇತ್ತು. ಅದನ್ನು ಅವನು ಹೊರತೆಗೆಯಲಿಲ್ಲ.

ಆ ವರ್ಷ ಖಂಡೇನವಮಿಗೆ ಗಂಡನ ಜೊತೆ ಇಲಕಲ್ಲಿಗೆ ಹೋದೆ. ಆಯುಧಗಳ ಪೂಜೆಯ ದಿನ ಮಾಮ ಎಲ್ಲ ಕತ್ತಿಗಳನ್ನೂ ಒರೆಸಿ ಕಂಬಳಿಯ ಮೇಲೆ ಸಾಲಾಗಿ ಇಡುತ್ತಿದ್ದ. ಅತ್ತೆ ಪಕ್ಕದ ಮನೆಗೆ ಈಳಿಗೆ ತರಲು ಹೋಗಿದ್ದಳು. ಎಲ್ಲ ಅಲಗುಗಳೂ ಮಿರಮಿರ ಮಿಂಚುತ್ತಿದ್ದವು. ಕ್ರಿಸ್‌ನ ತುದಿ ಮಾತ್ರ ಕಪ್ಪಗಿತ್ತು.

"ಇದನ್ನ ಒರಸಲಿಲ್ಲೇನು ಮಾಮಾ?"

"ಚೀಟಿ ಓದು" ಎಂದು ಅವನು ಕುಂಕುಮದ ಬಟ್ಟಲು ಹುಡುಕಿಕೊಂಡು ಎದ್ದುಹೋದ.

ಖಾಲಿಯಿದ್ದ ಚೀಟಿಯಲ್ಲಿ ಅವನ ಗುಂಡಗಿನ ಅಕ್ಷರಗಳಿದ್ದವು: "ಜಾವಾದ್ದು ಅಂತಾರ, ಗೊತ್ತಿಲ್ಲ. ತುದಿಗಿನ ಕಲಿ ಹುನಗುಂದದಾಗ ನಮ್ಮ ಹುಡುಗಿ ಲಗ್ನದಾಗ ಬಿದ್ದದ್ದು. ಇಷ್ಟು ಖರೆ."