ಒಂದು ಡಬ್ಬಿ ರವೆ ಮತ್ತು ಡೆಲ್ಮರನ ಕಾಡುಬೆಕ್ಕು

ಈ ಕತೆ ಹೇಳುವ ಅಧಿಕಾರ ನನಗೆ ಅಷ್ಟಾಗಿ ಇಲ್ಲ. ನಾನು ಕೋವಿ ಹಿಡಿದವನಲ್ಲ. ಅಳತೆ, ತೂಕಗಳಲ್ಲಿ ಎಲ್ಲಾದರೂ ತಪ್ಪಿದ್ದರೆ ಬಲ್ಲವರು ದಯವಿಟ್ಟು ಮನ್ನಿಸಬೇಕು. ಇದು ನಡೆದ ಕಾಟನ್‌ಫೋರ್ಕ್ ಊರಿನಲ್ಲಿ ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಹತ್ತು ಮಂದಿಯಾದರೂ ಇದ್ದಾರೆ. ಅವರು ಯಾರೂ ಬರೆಯಲಿಲ್ಲ ಎಂಬ ಒಂದೇ ಧೈರ್ಯದಿಂದ ಬರೆಯುತ್ತಿದ್ದೇನೆ.

ಆ ಶನಿವಾರ ಬೆಳಿಗ್ಗೆ ಡೆಲ್ಮರ್ ಕ್ವಿಸ್ಟ್ ಒಂದು ಬಟ್ಟಲು ಗಂಜಿ ಕುಡಿದು, ಬಾಯಿ ಒರೆಸಿಕೊಂಡು, ಅಡುಗೆಮನೆಯ ಕಪಾಟಿನ ಬಾಗಿಲು ತೆರೆದು ನೋಡಿ ಹಾಗೇ ನಿಂತುಬಿಟ್ಟ.

"ಆರ್ಲಿಸ್, ರವೆ ಎಲ್ಲಿ?"

"ನಿನ್ನ ಹೊಟ್ಟೇಲಿ," ಎಂದಳು ಹೆಂಡತಿ, ಪಾತ್ರೆ ತೊಳೆಯುತ್ತಲೇ. "ಇಷ್ಟು ಹೊತ್ತು ಏನು ಕುಡಿದೆ ಅಂದ್ಕೊಂಡೆ?"

"ಇದ್ದದ್ದೆಲ್ಲ ಹಾಕಿದ್ಯಾ?"

"ಒಂದೇ ಲೋಟ ಇತ್ತು. ಮಿಕ್ಕಿದ್ದನ್ನೆಲ್ಲ ಚಳಿಗಾಲ ಪೂರ್ತಿ ನೀನೇ ಆಕಾಶಕ್ಕೆ ಹಾರಿಸಿದ್ದೀಯ."

ಡೆಲ್ಮರನ ಮುಖ ನೀರಿಗೆ ಬಿದ್ದ ಬ್ರೆಡ್ಡಿನ ಹಾಗಾಯಿತು. ಸಂಜೆ ನಾಲ್ಕಕ್ಕೆ ಕೋವಿ ಪತ್ರಿಕೆಯ ಹ್ಯಾಸ್‌ಬ್ರೂಕ್ ಬರುವವನಿದ್ದ.

ಡೆಲ್ಮರ್ ಊರಿನ ನೀರು ಸರಬರಾಜಿನಲ್ಲಿ ಪಂಪು ನೋಡಿಕೊಳ್ಳುವವನು. ಐವತ್ತಮೂರು ವರ್ಷದಲ್ಲಿ ಅವನ ಹೆಸರು ಅಚ್ಚಾಗಿದ್ದು ಒಂದೇ ಸಲ, ಕೊಳಾಯಿ ಒಡೆದಾಗ, ಅದೂ 'ಕ್ವಿಟ್ಸ್' ಎಂದು. ಅವನಿಗಿದ್ದ ಆಸೆಯೂ ಒಂದೇ: ಒಂದು ಕಾಡತೂಸಿಗೆ ತನ್ನ ಹೆಸರು ಇರಬೇಕು. ಯಾವ ಕಾರ್ಖಾನೆಯೂ ಮಾಡದ, ಯಾವ ಅಂಗಡಿಯಲ್ಲೂ ಸಿಗದ, ಮನೆಯ ಶೆಡ್ಡಿನಲ್ಲಿ ಹುಟ್ಟುವ ಇಂಥ ಕಾಡತೂಸಿಗೆ ಆ ಸೀಮೆಯವರು ಕಾಡುಬೆಕ್ಕು ಎನ್ನುತ್ತಾರೆ. ಡೆಲ್ಮರನ ಕಾಡುಬೆಕ್ಕಿನ ಹೆಸರು 'ಕ್ವಿಸ್ಟ್ ಆರು'. ಊರಿನ ಕೋವಿ ರಿಪೇರಿಯವನಾದ ಮುದುಕ ಲೀಲಂಡ್ ಹೊಸ ನಳಿಗೆ ಹಾಕಿ, ಡೆಲ್ಮರ್ ತಾನೇ ಬರೆದ ನಕ್ಷೆಯ ಅಳತೆಗೆ ಮಾಡಿಸಿ ತರಿಸಿಕೊಟ್ಟ ಬೈರಿಗೆಯಿಂದ ಕಾಡತೂಸು ಕೂರುವ ಗೂಡು ಕೊರೆದು, ನಳಿಗೆಯ ಮೇಲೆ ಆ ಹೆಸರನ್ನು ಕೆತ್ತಿಯೂ ಕೊಟ್ಟಿದ್ದ. ಆ ಗೂಡಿನಲ್ಲಿ ಹಾರಿಸಿದ ಮೂರು ಕಾಡತೂಸುಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಅಚ್ಚು ಮಾಡುವವನಿಗೆ ಕಳಿಸಿ, ಅದೇ ಅಳತೆಗೆ ಅಚ್ಚುಗಳೂ ಬಂದಿದ್ದವು.

ಆಮೇಲಿನದು ಎರಡು ವರ್ಷದ ತಪಸ್ಸು. ಚಿಕ್ಕಪ್ಪ ಬಿಟ್ಟುಹೋದ ಒಂದು ಬಕೆಟ್ ಹಳೆಯ ಸೇನೆಯ ಹಿತ್ತಾಳೆ ಕೊಳವೆಗಳನ್ನು ಒಂದೊಂದಾಗಿ ಕತ್ತರಿಸಬೇಕು, ಬೆಂಕಿಗೆ ಹಿಡಿದು ಮೆತ್ತಗೆ ಮಾಡಬೇಕು, ಅಚ್ಚಿಗೆ ಒತ್ತಿ ಕತ್ತು ಸಣ್ಣ ಮಾಡಬೇಕು, ದಪ್ಪವಾದ ಕತ್ತನ್ನು ಕೆರೆಯಬೇಕು. ಕೊನೆಗೆ ಚಿಟಿಕೆ ಮದ್ದಿನ ಮೇಲೆ ರವೆ ತುಂಬಿ, ಬಾಯನ್ನು ಸೋಪಿಗೆ ಒತ್ತಿ ಮುಚ್ಚಿ, ಕೋವಿಯನ್ನು ಆಕಾಶಕ್ಕೆ ಹಿಡಿದು ಹಾರಿಸಬೇಕು. ಗುಂಡಿಲ್ಲ, ಹಾರುವುದು ರವೆ. ಆ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಗೂಡಿನ ಗೋಡೆಗೆ ಅಂಟಿ, ಕತ್ತಿನ ಬುಡದಲ್ಲಿ ಹೆಗಲು ಮೂಡಿ, ಹೊರಗೆ ಬರುವಾಗ 'ಕ್ವಿಸ್ಟ್ ಆರು' ಆಗಿರುತ್ತದೆ. ಊರಿನವರ ಕೋವಿಗಳಲ್ಲಿ ಓಡಾಡುವ 'ಇನ್ನೂರ ನಲವತ್ತಮೂರು' ಎಂಬ ಮಾಮೂಲಿ ಕಾಡತೂಸಿಗಿಂತ ಅದರ ಹೆಗಲು ಎರಡು ಕೂದಲೆಳೆ ಹಿಂದೆ. ಬೇರೆಯವರಿಗೆ ಅದು ಕಾಣುತ್ತಿರಲಿಲ್ಲ. ಹೆತ್ತವರಿಗೆ ಮಗುವಿನ ಮೂಗು ಕಂಡಂತೆ ಡೆಲ್ಮರನಿಗೆ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಮದ್ದಿನ ತೂಕವನ್ನು ಸಾಸಿವೆಕಾಳಿನಷ್ಟು ಹೆಚ್ಚಿಸಿ, ಇಳಿಸಿ, ಮೂವತ್ತು ಸಲ ಸೋತು ಮೂವತ್ತೊಂದನೆಯ ಸಲ ಐದು ಗುಂಡು ಒಂದೇ ತೂತಿನಲ್ಲಿ ಹೋದಂತೆ ಹೋಗಿದ್ದವು. ಅಂದೇ ಕೋವಿ ಮಾಸಪತ್ರಿಕೆಯ ಹ್ಯಾಸ್‌ಬ್ರೂಕನಿಗೆ ಕಾಗದ ಬರೆದಿದ್ದ. ಉತ್ತರ ಬಂದಿತ್ತು: ಬರುತ್ತೇನೆ, ಐದೈದರಂತೆ ನಾಲ್ಕು ಸಲ ಹೊಡೆದು ತೋರಿಸಿ, ಚೆನ್ನಾಗಿದ್ದರೆ ಹೆಸರಿನ ಸಮೇತ ಬರೆಯುತ್ತೇನೆ. ನಾಲ್ಕೈದಲ ಇಪ್ಪತ್ತು. ಡೆಲ್ಮರನ ಬಳಿ ಇಪ್ಪತ್ತು ಇದ್ದವು ಕೂಡ. ಹಿಂದಿನ ಸಂಜೆ ಒರೆಸಿಡುವಾಗ ಎಂಟರ ಕತ್ತು ಸೀಳಿದ್ದು ಕಂಡಿತ್ತು. ಹೊಸ ಎಂಟನ್ನು ಕತ್ತರಿಸಿ ಒತ್ತಿ ಇಟ್ಟಿದ್ದ. ಊದಿಸುವುದೊಂದೇ ಬಾಕಿ. ಅದಕ್ಕೆ ಬೇಕಾದ ರವೆ ಈಗ ಅವನ ಹೊಟ್ಟೆಯಲ್ಲಿತ್ತು.

ಅಂಗಡಿಗೆ ಓಡಿದ. ಅಂಗಡಿಯ ವರ್ಡೆಲ್ ತಲೆ ಅಲ್ಲಾಡಿಸಿದ.

"ಇದ್ದದ್ದೆಲ್ಲ ನೀನೇ ತಗೊಂಡ್ ಹೋದ್ಯಲ್ಲ ಮಾರಾಯ. ಊರಿನ ಮಕ್ಕಳು ಒಂದು ತಿಂಗಳಿಂದ ಓಟ್ಸ್ ತಿಂತಾ ನಿನ್ನ ಬೈತಾ ಇದಾವೆ. ಮಂಗಳವಾರ ಲಾರಿ ಬರುತ್ತೆ."

"ನಂಗೆ ಇವತ್ತು ಬೇಕು."

"ಇವತ್ತು ಬೇಕಾದ್ರೆ ಇದೇ ಇರೋದು," ಎಂದು ವರ್ಡೆಲ್ ಗಲ್ಲಾದ ಪಕ್ಕ ಪೇರಿಸಿಟ್ಟಿದ್ದ ಡಬ್ಬಿಗಳನ್ನು ತಟ್ಟಿದ. "ಇನ್ನೂರ ನಲವತ್ತಮೂರು. ಹಾಕು, ಹೊಡಿ, ಮನೆಗೆ ಹೋಗಿ ಮಲಕ್ಕೋ. ಎಲ್ಲಾರೂ ಹಾಗೇ ತಾನೆ ಮಾಡೋದು?"

ಡೆಲ್ಮರ್ ಆ ಡಬ್ಬಿಗಳ ಕಡೆ, ಕೋಳಿಫಾರಮ್ಮಿನ ಮೊಟ್ಟೆಯನ್ನು ಹದ್ದು ತಾತ್ಸಾರದಿಂದ ನೋಡುವ ಹಾಗೆ ನೋಡಿ ಹೊರಗೆ ಬಂದ.

ಉಳಿದದ್ದು ಪಕ್ಕದ ಮನೆಯ ಓರಿನ್ ಟ್ವೆಟೆನ್. ಒಳ್ಳೆಯ ಮನುಷ್ಯ, ಆದರೆ ಅವನಿಂದ ಒಂದು ಮೊಳೆ ತೆಗೆದುಕೊಂಡರೂ ಗೋಡೆ ಎಲ್ಲಿದೆ ಎಂದು ನೋಡಲು ಜೊತೆಗೇ ಬರುವವನು.

"ರವೆನಾ? ಇದೆ," ಎಂದ ಓರಿನ್, ಹೆಂಡತಿ ಇಂಗಾಳ ಕಪಾಟಿನ ಮೇಲಿನ ಹಲಗೆಯಿಂದ ಗಾಜಿನ ಡಬ್ಬಿ ಇಳಿಸುತ್ತ. "ಇಂಗಾ ಚರ್ಚಿಗೆ ಹೂ ಜೋಡಿಸೋಕೆ ಹೋಗಿದಾಳೆ. ಅವಳಿಗೇನು ತಿಳಿಯುತ್ತೆ? ನಡಿ, ನಾನೂ ಬರ್ತೀನಿ. ಇದನ್ನೆಲ್ಲ ಯಾಕೆ ಮಾಡ್ತೀಯ ಅಂತ ಇವತ್ತಾದ್ರೂ ಅರ್ಥ ಆಗುತ್ತೇನೋ ನೋಡೋಣ. ನನ್ನ ಇನ್ನೂರ ನಲವತ್ತಮೂರಕ್ಕೆ ಜಿಂಕೆ ಬೀಳಲ್ವಾ?"

"ಬೀಳುತ್ತೆ."

"ನಿಂದಕ್ಕೆ ಬಿದ್ದ ಜಿಂಕೆ ಜಾಸ್ತಿ ರುಚಿ ಇರುತ್ತಾ?"

ಡೆಲ್ಮರ್ ಡಬ್ಬಿಗೆ ಕೈ ಚಾಚಿದ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಅವನ ಎಡಗಾಲು ಆಗಲೇ ತಾನೇ ತಾನಾಗಿ ಕುಣಿಯತೊಡಗಿತ್ತು.

ಹಿತ್ತಲಲ್ಲಿ ನಿಂತು, ಆರ್ಲಿಸಳ ಗುಲಾಬಿ ಸೋಪಿನಲ್ಲಿ ಎಂಟು ತೂತು ಮಾಡಿ, ಒಂದೊಂದೇ ಕೊಳವೆ ತುಂಬಿ ಮುಚ್ಚಿ ಆಕಾಶಕ್ಕೆ ಹಾರಿಸಿದ. ಪ್ರತಿ ಸಲವೂ ಢಂ ಎಂಬ ಶಬ್ದ, ಒಂದು ಬಿಳಿ ಮೋಡ, ಗುಲಾಬಿಯ ಪರಿಮಳ. ಐದನೆಯದರ ಹೊತ್ತಿಗೆ ಗಾಳಿ ತಿರುಗಿದ್ದನ್ನು ಇಬ್ಬರೂ ಗಮನಿಸಲಿಲ್ಲ. ಎಂಟನೆಯದು ಮುಗಿದು, ಎಂಟಕ್ಕೆ ಎಂಟೂ ಹೆಗಲು ತಳೆದು ಹೊರಬಂದ ಖುಷಿಯಲ್ಲಿ ಡೆಲ್ಮರ್ ತಲೆಯೆತ್ತಿದರೆ, ಬೇಲಿಯಾಚೆ ಇಂಗಾ ನಿಂತಿದ್ದಳು. ಅವಳ ಹಿಂದೆ ಹಗ್ಗದ ಮೇಲೆ ಚರ್ಚಿನ ದೊಡ್ಡ ಬಿಳಿ ಮೇಜುಬಟ್ಟೆ. ಅದರ ಉದ್ದಕ್ಕೂ ಒದ್ದೆಗೆ ಅಂಟಿದ ಮಸಿ ಬೆರೆತ ರವೆ.

"ಓರಿನ್," ಎಂದಳು ಇಂಗಾ ತಣ್ಣಗೆ. "ನಾಳೆ ನಾಮಕರಣದ ಊಟದ ಪುಡಿಂಗಿಗೆ ಅಳೆದಿಟ್ಟ ರವೆ ಎಲ್ಲಿ?"

ಓರಿನ್ ಮೊದಲು ಆಕಾಶ ನೋಡಿದ, ಆಮೇಲೆ ಮೇಜುಬಟ್ಟೆ ನೋಡಿದ. "ಸ್ವಲ್ಪ ಅಲ್ಲಿ," ಎಂದ, "ಜಾಸ್ತಿ ಇಲ್ಲಿ."

"ಇಂಗಾ, ತಪ್ಪು ನಂದು," ಎಂದು ಡೆಲ್ಮರ್ ಬೇಲಿಯ ಹತ್ತಿರ ಹೋದ. "ಸಂಜೆ ಬಂದು ಒಗೆದು ಕೊಡ್ತೀನಿ."

"ಸಂಜೆ ಯಾಕೆ? ಈಗ ನಿಂಗೆ ಕೈ ಇಲ್ವಾ?"

ಕೈ ಇತ್ತು. ಹನ್ನೆರಡು ಮೊಳದ ಮೇಜುಬಟ್ಟೆಯನ್ನು ಟಬ್ಬಿನಲ್ಲಿ ಅದ್ದಿ ಉಜ್ಜಿದ. ನೀರು ಕುಡಿದ ರವೆ ಬಟ್ಟೆಗೆ ಅಂಟಿಕೊಂಡು ಗಂಜಿಯಾಯಿತು. ಉಜ್ಜಿದಷ್ಟೂ ಮೇಜುಬಟ್ಟೆ ರೊಟ್ಟಿಯ ಹಿಟ್ಟಿನಂತಾಯಿತು. ಇಂಗಾ ಪಕ್ಕದಲ್ಲಿ ನಿಂತು "ಆ ಮೂಲೆ", "ಈ ಅಂಚು" ಎಂದು ತೋರಿಸುತ್ತಿದ್ದಳು. ಆರ್ಲಿಸ್ ಬೇಲಿಯ ಮೇಲಿಂದ ಇಣುಕಿ, "ಮೂವತ್ತು ವರ್ಷದಲ್ಲಿ ಇವನು ಬಟ್ಟೆ ಒಗೆದದ್ದು ನೋಡಿರಲಿಲ್ಲ ಕಣೇ ಇಂಗಾ. ನಿಂಗೆ ಯಾವ ಪುಣ್ಯ," ಎಂದಳು. ಮೂರನೆಯ ಸಲ ಹಿಂಡಿ ಹಗ್ಗಕ್ಕೆ ಹಾಕುವಾಗ ಎರಡೂಮುಕ್ಕಾಲು.

ಶೆಡ್ಡಿನಲ್ಲಿ ಡೆಲ್ಮರ್ ಮದ್ದು ತೂಗಿದ, ಗುಂಡು ಕೂರಿಸಿದ. ಓರಿನ್ ಸಹಾಯ ಮಾಡುತ್ತೇನೆಂದು ಎದುರಿಗೆ ಕುಳಿತು ಪ್ರತಿಯೊಂದನ್ನೂ ಕೈಗೆತ್ತಿ ನೋಡಿ ಇಡುತ್ತಿದ್ದ. ಹಾಗೆ ಎತ್ತಿದ ಒಂದು ಖಾಲಿ ಕೊಳವೆ ಜಾರಿ ನೆಲಕ್ಕೆ ಬಿತ್ತು. ಅದನ್ನು ಹುಡುಕಲು ಎದ್ದ ಓರಿನ್ನನ ಬೂಟೇ ಅದರ ಮೇಲೆ ಬಿತ್ತು.

"ಚೂರು ಚಪ್ಪಟೆ ಆಗಿದೆ," ಎಂದ ಓರಿನ್. "ನಡೆಯಲ್ವಾ?"

ಹತ್ತೊಂಬತ್ತು ಉಳಿದವು. ಹತ್ತೊಂಬತ್ತನ್ನು ಯಾರು ಎಣಿಸುತ್ತಾರೆ ಎಂದು ಡೆಲ್ಮರ್ ತನಗೆ ತಾನೇ ನಾಲ್ಕು ಸಲ ಹೇಳಿಕೊಂಡ. ನಾಲ್ಕು ಸಲವೂ ನಂಬಿಕೆ ಬರಲಿಲ್ಲ.

ಗುಡ್ಡದ ಬುಡದ ಬಯಲಿಗೆ ಅವರು ತಲುಪಿದಾಗ ಹ್ಯಾಸ್‌ಬ್ರೂಕ್ ಆಗಲೇ ಬಂದಿದ್ದ. ತೆಳ್ಳಗೆ, ಬೆಳ್ಳಗೆ, ಜೇಬಿನಲ್ಲಿ ಅಳತೆಗೋಲು ಇಟ್ಟುಕೊಂಡ ಮನುಷ್ಯ. ಸೀಸೆಯ ತಳದಷ್ಟು ದಪ್ಪ ಕನ್ನಡಕದ ಲೀಲಂಡ್ ಕೂಡ ತನ್ನ ಕೆಲಸದ ಹೆಚ್ಚುಗಾರಿಕೆ ನೋಡಲು ಕುರ್ಚಿ ತಂದು ಕುಳಿತಿದ್ದ.

ಮೊದಲ ಐದು ಒಂದು ಬಟನ್ನಿನಷ್ಟು ಜಾಗದಲ್ಲಿ ಕೂತವು. ಎರಡನೆಯ ಐದೂ ಹಾಗೇ. ಮೂರನೆಯ ಐದಾದ ಮೇಲೆ ಹ್ಯಾಸ್‌ಬ್ರೂಕ್ ದುರ್ಬೀನು ಇಳಿಸಿ, "ಕ್ವಿಸ್ಟ್ ಅವರೇ, ಹೆಸರಿನ ಕಾಗುಣಿತ ಒಮ್ಮೆ ಹೇಳಿಬಿಡಿ," ಎಂದ. ಡೆಲ್ಮರ್ ಕೋವಿ ಕೆಳಗಿಟ್ಟು ಎದ್ದುನಿಂತ. ಒಂದೊಂದೇ ಅಕ್ಷರ ಹೇಳಿದ.

ಅದೇ ಹೊತ್ತಿಗೆ ಓರಿನ್, ಅತಿಥಿಗೆ ಪುದೀನ ಪೆಪ್ಪರಮಿಂಟು ಕೊಡೋಣವೆಂದು, ಬೇಟೆಯ ಕೋಟಿನ ಜೇಬಿನಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದ. ಚಾಕು, ಹಗ್ಗದ ತುಂಡು, ಪೆಪ್ಪರಮಿಂಟು, ಇನ್ನೇನೋ ಉರುಳಿದವು. ಡೆಲ್ಮರ್ ನಾಲ್ಕನೆಯ ಸರದಿಗೆ ಕುಳಿತ. ಒಂದು, ಎರಡು, ಮೂರು, ನಾಲ್ಕು. ಇನ್ನು ಕ್ಷಮೆ ಕೇಳಬೇಕು ಎಂದುಕೊಳ್ಳುತ್ತ ಕೈಚಾಚಿದರೆ ಬೆರಳಿಗೆ ಐದನೆಯದು ಸಿಕ್ಕಿತು. ಎಣಿಕೆ ತಪ್ಪಿದವನು ನಾನೇ, ದೇವರು ದೊಡ್ಡವನು ಎಂದುಕೊಂಡು ಕಣ್ಣನ್ನು ಗುರಿಯಿಂದ ಕೀಳದೆ ಅದನ್ನು ತುಂಬಿ ಹೊಡೆದ. ಅದೂ ಉಳಿದ ನಾಲ್ಕರ ಜೊತೆಗೇ ಹೋಗಿ ಕೂತಿತು.

ಲೀಲಂಡ್ ಚಪ್ಪಾಳೆ ತಟ್ಟಿದ. ಹ್ಯಾಸ್‌ಬ್ರೂಕ್ ಖಾಲಿ ಕೊಳವೆಗಳನ್ನು ಆಯ್ದು ತಳದ ಮುದ್ರೆ ಓದುತ್ತ ಸಾಲಾಗಿ ನಿಲ್ಲಿಸಿದ. ಹತ್ತೊಂಬತ್ತರ ತಳದಲ್ಲಿ ಹಳೆಯ ಸೇನೆಯ ಮುದ್ರೆ. ಕೊನೆಯದನ್ನು ಎರಡು ಸಲ ಓದಿದ.

"ಇದು ಯಾರದು?"

"ನಂದು ಇರಬೇಕು," ಎಂದ ಓರಿನ್, ಇಣುಕಿ. "ಇನ್ನೂರ ನಲವತ್ತಮೂರು. ಇಲ್ಲೆಲ್ಲೋ ಉರುಳಿತ್ತು."

ಹ್ಯಾಸ್‌ಬ್ರೂಕ್ ಜೇಬಿನಿಂದ ಅಳತೆಗೋಲು ತೆಗೆದು ಒಂದು ಸೇನೆಯ ಕೊಳವೆ ಅಳೆದ, ಓರಿನ್ನನದನ್ನು ಅಳೆದ, ಮತ್ತೆ ಮೊದಲನೆಯದನ್ನು ಅಳೆದ. ಆಮೇಲೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದ. ಅವಳಿಗಳ ಹಾಗಿದ್ದವು. ಹೆಗಲಿಗೆ ಹೆಗಲು, ಕತ್ತಿಗೆ ಕತ್ತು.

"ಹೆಗಲು ಎರಡು ಕೂದಲೆಳೆ ಹಿಂದಿದೆ," ಎಂದ ಡೆಲ್ಮರ್. ಅವನ ಧ್ವನಿ ಅವನಿಗೇ ಕೇಳಿಸಲಿಲ್ಲ.

"ಇನ್ನು ನಾಲ್ಕು ಇದ್ರೆ ಕೊಡಿ," ಎಂದು ಹ್ಯಾಸ್‌ಬ್ರೂಕ್ ಓರಿನ್ನನಿಂದ ತೆಗೆದುಕೊಂಡು, ತಾನೇ ಕುಳಿತು ಹೊಡೆದ. ನಾಲ್ಕೂ ಸ್ವಂತ ಮನೆಗೆ ಹೋದಂತೆ ಗೂಡಿನೊಳಗೆ ಹೋದವು. ಗುರಿಹಲಗೆಯ ಮೇಲೆ, ಡೆಲ್ಮರನ ಮೂವತ್ತೊಂದನೆಯ ಮದ್ದಿಗಿಂತ ಒಂದು ಕೂದಲೆಳೆ ಹತ್ತಿರ ಹತ್ತಿರವಾಗಿಯೇ ಕೂತವು.

ಎಲ್ಲರೂ ಲೀಲಂಡನ ಕಡೆ ತಿರುಗಿದರು. ಲೀಲಂಡ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿದ.

"ಎರಡು ಬೈರಿಗೇನೂ ಒಂದೇ ಥರದ ಡಬ್ಬಿಲಿ ಇದ್ವು," ಎಂದ. "ಒಂದು ನಿಂದು, ಒಂದು ನನ್ನ ಮಾಮೂಲಿ ಇನ್ನೂರ ನಲವತ್ತಮೂರರದು. ನಾನು ನಿಂದನ್ನೇ ಎತ್ಕೊಂಡೆ ಅಂದ್ಕೊಂಡಿದ್ದೆ."

ಗೂಡು ತಪ್ಪು, ಆ ಗೂಡಿನಲ್ಲಿ ಹಾರಿಸಿದ ಕೊಳವೆ ತಪ್ಪು, ಆ ಕೊಳವೆಗೆ ಮಾಡಿಸಿದ ಅಚ್ಚು ತಪ್ಪು. ಎಲ್ಲ ತಪ್ಪುಗಳೂ ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದವೆಂದರೆ ಎರಡು ವರ್ಷ ಯಾವುದೂ ಇನ್ನೊಂದನ್ನು ಬಿಟ್ಟುಕೊಟ್ಟಿರಲಿಲ್ಲ. ವರ್ಡೆಲನ ಅಂಗಡಿಯ ಗಲ್ಲಾದ ಪಕ್ಕ ಪೇರಿಸಿಟ್ಟಿದ್ದನ್ನೇ ಡೆಲ್ಮರ್ ಶೆಡ್ಡಿನಲ್ಲಿ ಒಂದೊಂದಾಗಿ ಹೆತ್ತಿದ್ದ.

ಹ್ಯಾಸ್‌ಬ್ರೂಕ್ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಟಿಪ್ಪಣಿ ಪುಸ್ತಕ ಮುಚ್ಚಿಟ್ಟು ಒಂದು ಕೊಳವೆಯನ್ನು ಮೂಗಿಗೆ ಹಿಡಿದು, "ಇದರಲ್ಲಿ ಇನ್ನೂ ಗುಲಾಬಿ ವಾಸನೆ ಇದೆಯಲ್ಲ?" ಎಂದು ಕೇಳಿದ. ಓರಿನ್ನನಿಗೆ ಅಷ್ಟು ಸಾಕಾಯಿತು. ರವೆ, ಸೋಪು, ಎಂಟು ಢಂಕಾರ, ಮೇಜುಬಟ್ಟೆ, ಎಲ್ಲವನ್ನೂ ಕೈಬಾಯಿ ತಿರುಗಿಸಿ ಹೇಳಿದ. ಹ್ಯಾಸ್‌ಬ್ರೂಕ್ ಮತ್ತೆ ಪುಸ್ತಕ ತೆರೆದ.

"ಇಷ್ಟು ಚೊಕ್ಕವಾಗಿ ಊದಿಸಿದ ಹೆಗಲು ನಾನು ನೋಡಿಲ್ಲ. ರವೆ ಯಾರದು?"

"ನಂದು," ಎಂದ ಓರಿನ್. ಸುಳ್ಳೇನಲ್ಲ.

"ಹೆಸರಿನ ಕಾಗುಣಿತ?"

ಓರಿನ್ ಟ್ವೆಟೆನ್ ತನ್ನ ಹೆಸರಿನ ಒಂದೊಂದೇ ಅಕ್ಷರ ಹೇಳಿದ.

ಮೂರು ತಿಂಗಳ ಮೇಲೆ ಪತ್ರಿಕೆಯ ನಲವತ್ತೆರಡನೆಯ ಪುಟದಲ್ಲಿ ಬೆರಳಗಲದ ಒಂದು ಸುದ್ದಿ ಬಂತು. ಹಿತ್ತಾಳೆ ಕೊಳವೆ ಊದಿಸುವ ಹೊಸ ಉಪಾಯ: 'ಟ್ವೆಟೆನ್ ವಿಧಾನ'. ಇಂಗಾ ಅದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ, ರವೆ ಡಬ್ಬಿಯ ಮೇಲೆ ಅಂಟಿಸಿದಳು.

ಲೀಲಂಡನ ಅಂಗಡಿಯಲ್ಲಿ ಡೆಲ್ಮರನ ಬೈರಿಗೆಯನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಡೆಲ್ಮರ್ ಹೊಸದಕ್ಕೆ ಕಾಗದ ಬರೆದ. ಆರ್ಲಿಸ್ ರವೆ ಡಬ್ಬಿಗೆ ಬೀಗ ಹಾಕಿದಳು. ಮುದುಕ ಲೀಲಂಡ್ ನಿಜಕ್ಕೂ ಕಣ್ಣು ಕಾಣದೆ ತಪ್ಪಿದನೋ, ಡೆಲ್ಮರನ ನಕ್ಷೆ ನೋಡಿ ಕೋವಿ ಸಿಡಿದೀತೆಂದು ಹೆದರಿ, ಗೆಳೆಯನ ಕೈಗೆ ಗೊತ್ತಿರುವ ಕಾಡತೂಸೇ ಇರಲೆಂದು ಬೇಕಂತಲೇ ಮಾಮೂಲಿ ಬೈರಿಗೆ ಎತ್ತಿಕೊಂಡನೋ ನನಗೆ ಗೊತ್ತಿಲ್ಲ. ನಾನು ಒಂದೆರಡು ಸಲ ಕೇಳಿದೆ. ಎರಡು ಸಲವೂ ಅವನು ಕನ್ನಡಕ ಒರೆಸಿದ. ಎರಡು ಕೂದಲೆಳೆ ಹಿಂದೆ ಹೆಗಲಿರುವ ಆ ನಿಜವಾದ 'ಕ್ವಿಸ್ಟ್ ಆರು' ಹೇಗೆ ಹಾರುತ್ತಿತ್ತು ಎಂಬುದಂತೂ ಡೆಲ್ಮರನಿಗೂ ಗೊತ್ತಿಲ್ಲ.